ಬಳೆ ಪ್ಯಾರಿಯ ಎಡಗೈ

ಕ್ಯಾನ್ಸರ್ ಹೋಗಿದೆ ಎಂದು ಬೆಂಗಳೂರಿನ ಡಾಕ್ಟರು ಬರೆದುಕೊಟ್ಟರು. ಅದನ್ನು ಒಪ್ಪಿಕೊಳ್ಳಲು ನಮ್ಮೂರು ರಾಮಗಿರಿಯ ಜನ ತಯಾರಿರಲಿಲ್ಲ. ಪ್ಯಾರಿ ಬೀ ಸತ್ತಿದ್ದರೆ ಊರ ಹೆಂಗಸರೆಲ್ಲ ಕಣ್ಣೀರು ಹಾಕುತ್ತಿದ್ದರು, ನಾಲ್ಕು ದಿನ ಹೊಗಳುತ್ತಿದ್ದರು. ಬದುಕಿ ಬಂದಳಲ್ಲ, ಅದೇ ತಪ್ಪಾಯಿತು. ಆಮೇಲೆ ಹದಿನೇಳು ವರ್ಷ ಬದುಕಿದಳು, ಅದು ಇನ್ನೂ ದೊಡ್ಡ ತಪ್ಪು. ಇದನ್ನು ಬರೆಯುವಾಗ ನನಗೆ ಇವತ್ತಿಗೂ ಮೈ ಉರಿಯುತ್ತದೆ. ಆದ್ದರಿಂದ ಮೊದಲೇ ಹೇಳಿಬಿಡುತ್ತೇನೆ, ಯಾರನ್ನೂ ಸಮಾಧಾನ ಮಾಡಲು ನಾನು ಕೂತಿಲ್ಲ.

ಪ್ಯಾರಿ ಹೊಳಲ್ಕೆರೆಯವಳು. ಗಂಡ ಉಸ್ಮಾನ್ ಸಾಬ್ ಕೊಡೆ, ಬೀಗ ರಿಪೇರಿ ಮಾಡುವವನು. ಸುತ್ತಲಿನ ಸಂತೆಗಳಲ್ಲಿ ಗೋಣಿತಾಟು ಹಾಸಿಕೊಂಡು ಕೂರುತ್ತಿದ್ದ. ಪ್ಯಾರಿಗೆ ಅತ್ತೆಯಿಂದ ಬಂದದ್ದು ಬಳೆ ಮಲಾರ. ಹಗ್ಗಕ್ಕೆ ಪೋಣಿಸಿದ ಗಾಜಿನ ಬಳೆಗಳನ್ನು ಬಟ್ಟೆಯಲ್ಲಿ ಸುತ್ತಿದ ಆ ಹೊರೆಯನ್ನು ಹದಿನೈದನೇ ವಯಸ್ಸಿಗೆ ಎಡ ಹೆಗಲಿಗೆ ಏರಿಸಿಕೊಂಡವಳು ಮತ್ತೆ ಇಳಿಸಲಿಲ್ಲ. ತಿಂಗಳಿಗೊಮ್ಮೆ ಚಿಕ್ಕಜಾಜೂರಿನಲ್ಲಿ ರೈಲು ಬದಲಾಯಿಸಿ ನಮ್ಮೂರಿಗೆ ಬರುತ್ತಿದ್ದಳು. ಸ್ಟೇಷನ್ನಿಂದ ಊರೊಳಗೆ ಬರುವಷ್ಟರಲ್ಲಿ ಅರ್ಧ ಡಜನ್ ಹುಡುಗಿಯರು ಹಿಂದೆ ಬಿದ್ದಿರುತ್ತಿದ್ದೆವು. ನಮಗೆಲ್ಲ ಆಕೆ ಪ್ಯಾರಮ್ಮ.

ಬಳೆ ಮಾರುವವರು ಬೇಕಾದಷ್ಟು ಜನ ಇದ್ದಾರೆ, ಬಳೆ ತೊಡಿಸುವವರು ಕಡಿಮೆ. ಪ್ಯಾರಮ್ಮ ನಮ್ಮ ಕೈಯನ್ನು ತನ್ನ ಎಡಗೈಯಲ್ಲಿ ಹಿಡಿದು, ಬೆರಳಿನ ಗೆಣ್ಣುಗಳನ್ನು ಹಿಟ್ಟು ನಾದಿದಂತೆ ನಾದಿ ನಾದಿ ಮೆತ್ತಗೆ ಮಾಡುತ್ತಿದ್ದಳು. ಬಲಗೈ ಬಳೆಯನ್ನು ಒಳಗೆ ಜಾರಿಸುತ್ತಿತ್ತು. ಅಷ್ಟು ಹೊತ್ತೂ ಬಾಯಿ ಸುಮ್ಮನಿರುತ್ತಿರಲಿಲ್ಲ. “ಕೈ ಸಡ್ಲ ಬಿಡು, ಬಾಯಿ ಬಿಗಿ ಹಿಡ್ಕ” ಎಂದು ಗದರುವಳು. ನನ್ನ ಮದುವೆಯ ಬಳೆ ತೊಡಿಸುವಾಗ, “ನೋಡು ಗಿರಿಯವ್ವ, ನಿನ್ ಗಂಡ ಕೈ ಹಿಡಿಯಾಕೆ ಮುಂಚೆ ಹನ್ನೆರಡು ವರ್ಷ ಈ ಕೈ ನಾನು ಹಿಡ್ದಿದೀನಿ. ಅವ್ನಿಗೆ ಹೇಳು” ಎಂದು ಎಲ್ಲರೆದುರು ಹೇಳಿ ನನ್ನ ಮುಖ ಕೆಂಪಾಗಿಸಿದ್ದಳು. ಅಳತೆ ಕಡ್ಡಿ ಆಕೆಯ ಹತ್ತಿರ ಇರಲಿಲ್ಲ. ಒಮ್ಮೆ ಕೈ ಹಿಡಿದರೆ ಸಾಕು, ಎರಡೂ ಕಾಲೋ ಎರಡೂವರೆಯೋ ತಿಳಿದುಬಿಡುತ್ತಿತ್ತು.

ನಮ್ಮವ್ವ ನಿಂಗಕ್ಕನಿಗೂ ಆಕೆಗೂ ಒಂದೇ ವಯಸ್ಸು. ಪ್ಯಾರಮ್ಮ ಬಂದ ದಿನ ಅವ್ವ ಒಲೆಯ ಮೇಲಿನ ಸಾರನ್ನೂ ಮರೆಯುತ್ತಿದ್ದಳು. ಇಬ್ಬರೂ ಜಗಲಿಯಲ್ಲಿ ಕೂತು ರೈಲಿನ ಹೊತ್ತಿನವರೆಗೂ ಮಾತಾಡುತ್ತಿದ್ದರು. ಎದೆಯಲ್ಲಿ ಗಂಟು ಇರುವುದನ್ನು ಪ್ಯಾರಮ್ಮ ಮೊದಲು ಹೇಳಿದ್ದು ಗಂಡನಿಗಲ್ಲ, ನಮ್ಮವ್ವನಿಗೆ. “ಹುಣಸೆ ಬೀಜದಷ್ಟು ಐತೆ ಅಕ್ಕ. ನೋಯಾದಿಲ್ಲ.” “ನೋಯದಿದ್ ಮ್ಯಾಲೆ ಯಾಕೆ ಕೆದಕ್ತೀಯ, ಬಿಡು” ಅಂದಳು ಅವ್ವ. ಆ ಬೀಜ ನಿಂಬೆಹಣ್ಣಾಗುವವರೆಗೆ ಇಬ್ಬರೂ ಬಿಟ್ಟರು. ಇದು ಎಪ್ಪತ್ತೈದನೇ ಇಸವಿಯ ಮಾತು.

ಕೊನೆಗೆ ಉಸ್ಮಾನ್ ಸಾಬ್ ಬೆಂಗಳೂರಿನ ದೊಡ್ಡಾಸ್ಪತ್ರೆಗೆ ಕರೆದುಕೊಂಡು ಹೋದ. ಎಡ ಎದೆಯನ್ನೂ ಕಂಕುಳಿನ ಗಂಟುಗಳನ್ನೂ ಕೊಯ್ದು ತೆಗೆದರು. ಆಮೇಲೆ ವಾರಗಟ್ಟಲೆ, ಜನ ಹೇಳುವ ಹಾಗೆ, ಕರೆಂಟು ಇಟ್ಟರು. ಐದು ತಿಂಗಳಾದ ಮೇಲೆ ಹಿಂತಿರುಗಿದಾಗ ಆಕೆಯ ತೂಕ ಅರ್ಧ ಇಳಿದಿತ್ತು, ಬಾಯಿ ಮಾತ್ರ ಇಳಿದಿರಲಿಲ್ಲ. ಉಸ್ಮಾನ್ ಸಾಬ್ ಕೊಡೆಯ ಕಪ್ಪು ಬಟ್ಟೆಯಲ್ಲಿ ಒಂದು ಚೀಲ ಹೊಲಿದು, ಅದಕ್ಕೆ ಹತ್ತಿ ತುಂಬಿ ಕೊಟ್ಟಿದ್ದ. ಅದನ್ನು ರವಿಕೆಯೊಳಗೆ ಇಟ್ಟುಕೊಳ್ಳುತ್ತಿದ್ದಳು. “ಒಂದು ದೇವ್ರು ಕೊಟ್ಟಿದ್ದು, ಇನ್ನೊಂದು ಸಾಬ್ರು ಹೊಲ್ದಿದ್ದು. ಸಾಬ್ರುದೇ ವಾಸಿ, ಮಳೆಗೆ ನೆನೆಯಾದಿಲ್ಲ” ಎಂದು ನನ್ನೆದುರು ನಕ್ಕಳು. ನಗುವಾಗಲೂ ಬಲಗೈಯಿಂದ ಎಡಗೈಯನ್ನು ಎತ್ತಿ ಹಿಡಿದುಕೊಂಡಿದ್ದಳು.

ಆ ಎಡಗೈ ಭುಜದಿಂದ ಬೆರಳಿನವರೆಗೆ ಊದಿತ್ತು. ಕಂಕುಳಲ್ಲಿ ಗಂಟು ತೆಗೆದ ಮೇಲೆ ಕೈಯ ನೀರು ಇಳಿಯಲು ದಾರಿ ಇರುವುದಿಲ್ಲವಂತೆ. ಡಾಕ್ಟರು ಒಂದು ಚೀಟಿ ಬರೆದುಕೊಟ್ಟಿದ್ದರು. ಆ ಕೈಯಲ್ಲಿ ಭಾರ ಎತ್ತಬಾರದು. ಸೂಜಿ ಚುಚ್ಚಿಸಬಾರದು. ಗಾಯ ಆಗಬಾರದು, ಗೀರು ಕೂಡ. ಬಿಗಿಯಾದ ರವಿಕೆ ತೋಳು ಬೇಡ. ಬಳೆಯಂತೂ ಬೇಡವೇ ಬೇಡ, ಬದುಕಿರುವವರೆಗೆ. ಬಳೆಗಾರ್ತಿಗೆ ಬರೆದುಕೊಟ್ಟ ಚೀಟಿ ಇದು. ಪ್ಯಾರಮ್ಮ ಅದನ್ನು ಅಡಿಕೆ ಚೀಲದಲ್ಲಿ ಇಟ್ಟುಕೊಂಡು ತಿರುಗುತ್ತಿದ್ದಳು. ಮಲಾರವನ್ನು ಬಲ ಹೆಗಲಿಗೆ ಬದಲಾಯಿಸಿದಳು. ಬಲಗೈಗೆ ಎರಡು ಡಜನ್ ಬಳೆ ಹಾಕಿಕೊಂಡಳು, ಎಡಗೈ ಬರಿದಾಗಿ ಬಿಟ್ಟಳು.

ಮೂರು ತಿಂಗಳಿಗೊಮ್ಮೆ ಬೆಂಗಳೂರಿಗೆ ಹೋಗಿ ತೋರಿಸಿಕೊಂಡು ಬರಬೇಕಿತ್ತು. ಹೋಗುವ ಮುಂಚಿನ ವಾರ ಆಕೆಗೆ ಅನ್ನ ಸೇರುತ್ತಿರಲಿಲ್ಲ. ರಾತ್ರಿ ಮೈಯೆಲ್ಲ ಒತ್ತಿ ಒತ್ತಿ ಗಂಟು ಹುಡುಕುತ್ತಿದ್ದಳಂತೆ. “ಸರಿ ಐತೆ ಅಂತ ಡಾಕ್ಟ್ರು ಅಂದ್ರೆ ಮೂರು ತಿಂಗ್ಳ ಆಯಸ್ಸು ಕೈಗೆ ಹಾಕ್ದಂಗೆ. ಎಣಿಸ್ಕಂಡು ಖರ್ಚು ಮಾಡ್ಬೇಕು” ಎನ್ನುವಳು. ಇಷ್ಟು ಭಯ ಹೊತ್ತುಕೊಂಡಿದ್ದವಳಿಗೆ ಬೇಕಿದ್ದದ್ದು ಒಂದೇ. ಹೋದ ಮನೆಗಳಲ್ಲಿ ಹೆಂಗಸರು ಮುಂಚಿನ ಹಾಗೆ ಕೈ ಚಾಚಬೇಕಿತ್ತು. ಅಷ್ಟನ್ನು ಕೊಡಲು ನಮ್ಮೂರಿಗೆ ಆಗಲಿಲ್ಲ.

ಯಾಕೆಂದರೆ ಆ ಬರಿಗೈ. ಬರಿಗೈ ಅಂದರೆ ಗಂಡ ಸತ್ತವಳ ಕೈ. ಗಂಡ ಸತ್ತವಳಿಂದ ಯಾರಾದರೂ ಬಳೆ ತೊಡಿಸಿಕೊಳ್ಳುತ್ತಾರಾ? ನಾನು ಕೇಳುತ್ತೇನೆ, ಯಾವ ಗಂಡ ಸತ್ತಿದ್ದ? ಆಕೆ ಬಳೆ ಹರಡುತ್ತಿದ್ದ ಸಂತೆಯಲ್ಲೇ ಉಸ್ಮಾನ್ ಸಾಬ್ ಕೊಡೆಕಡ್ಡಿ ಕಟ್ಟುತ್ತಾ ಕೂತಿದ್ದ. ಬೀಡಿ ಸೇದಿ ಕೆಮ್ಮುತ್ತಿದ್ದ. ನಮ್ಮೂರ ಹೆಂಗಸರೇ ಅವನ ಹತ್ತಿರ ಬೀಗ ಕೊಟ್ಟು ಚೌಕಾಸಿ ಮಾಡಿ, ಎದ್ದು ನಾಲ್ಕು ಹೆಜ್ಜೆ ಬಂದು, ಅವನ ಹೆಂಡತಿಯ ಕೈ ನೋಡಿ ಲೊಚಗುಟ್ಟುತ್ತಿದ್ದರು. ಸತ್ತವನು ಕೆಮ್ಮುತ್ತಾನೆಯೇ ಎಂದು ಒಬ್ಬಳಿಗಾದರೂ ಹೊಳೆಯಲಿಲ್ಲ. ಹೊಳೆದಿದ್ದರೂ ಕಣ್ಣಿಗೆ ಕಂಡದ್ದಕ್ಕಿಂತ ಶಾಸ್ತ್ರ ದೊಡ್ಡದು.

ಇನ್ನು ಕೆಲವರಿಗೆ ರೋಗ ಅಂಟುತ್ತದೆಂಬ ಭಯ. ಮೇಲಿನ ಕೇರಿಯ ದ್ಯಾಮಮ್ಮ ಅಂತೂ ಆಕೆ ಕೂತು ಎದ್ದ ಜಗಲಿಗೆ ಸಗಣಿ ನೀರು ಹಾಕಿಸಿದಳು. ಪಾಪ ಎನ್ನುವವರಿಗೇನೂ ಬರಗಾಲ ಇರಲಿಲ್ಲ. ಒಬ್ಬಳು ಹಳೇ ಸೀರೆ ತಂದಳು, ಇನ್ನೊಬ್ಬಳು ಮೊರದಲ್ಲಿ ಜೋಳ ತಂದು ದೂರದಿಂದಲೇ ಸುರಿದಳು. ಪ್ಯಾರಮ್ಮ ಆ ಜೋಳವನ್ನು ಮುಟ್ಟಲಿಲ್ಲ. “ನಾನು ಬಳೆ ಹಾಕಾಕೆ ಬಂದಿದೀನಿ, ತಿರ್ಕಂಡು ತಿನ್ನಾಕಲ್ಲ. ಕೈ ಕೊಟ್ರೆ ಕೊಡ್ರಿ, ಇಲ್ದಿದ್ರೆ ನಿಮ್ ಜೋಳ ಬಾಚ್ಕಳ್ರಿ” ಅಂದಳು. ಅವತ್ತಿನಿಂದ ಆಕೆಗೆ ಸೊಕ್ಕಿನವಳು ಎಂಬ ಹೆಸರೂ ಸೇರಿತು. ರೋಗ ಬಂದು ಹೋದವಳು ತಲೆ ತಗ್ಗಿಸಿಕೊಂಡಿರಬೇಕು ನೋಡಿ, ಯಾರದೋ ತಪ್ಪಿನಿಂದ ಬದುಕಿ ಉಳಿದವಳ ಹಾಗೆ.

ಆಗ ನಾನು ಏಳು ತಿಂಗಳ ಬಸುರಿ, ಕುಬಸಕ್ಕೆಂದು ತವರಿಗೆ ಬಂದಿದ್ದೆ. ಕುಬಸದ ದಿನ ಬಸುರಿಗೆ ಹಸಿರು ಬಳೆ ತೊಡಿಸಬೇಕು. ನಮ್ಮ ಮನೆಗೆ ಆ ಕೆಲಸಕ್ಕೆ ಪ್ಯಾರಮ್ಮ ಬಿಟ್ಟು ಬೇರೆಯವರು ಬಂದದ್ದಿಲ್ಲ. ವಾರ ಮುಂಚೆ ದಿನ ಕೇಳಿಕೊಂಡು ಹೋಗಲು ಬಂದಳು. ನನ್ನ ಹೊಟ್ಟೆ ನೋಡಿ ಆಕೆಯ ಕಣ್ಣು ಅರಳಿತು. ಅವ್ವ ಮಾತ್ರ ಆಕೆಯ ಎಡಗೈಯನ್ನೇ ನೋಡುತ್ತಿದ್ದಳು.

“ಪ್ಯಾರಮ್ಮ, ಬೀಗರು ಬಂದಿರ್ತಾರೆ. ಎಲ್ಡೂ ಕೈಗೆ ಬಳೆ ಹಾಕ್ಕಂಡು ಬರಂಗಿದ್ರೆ ಬಾ.”

ಪ್ಯಾರಮ್ಮ ಚೀಟಿ ತೆಗೆದು ಮುಂದೆ ಹಿಡಿದಳು. “ಡಾಕ್ಟ್ರು ಬ್ಯಾಡ ಅಂದವ್ರೆ ಅಕ್ಕ. ಗಾಜು ಗೀರಿದ್ರೆ ಕೈಯೇ ಹೋಗ್ತೈತಂತೆ, ಜೀವನೂ ಹೋಗ್ಬೋದಂತೆ.”

“ನಿನ್ ಡಾಕ್ಟ್ರು ಬಂದು ನನ್ ಮಗಳ ಹೊಟ್ಟೆ ಕಾಯ್ತಾರಾ? ಏನಾರ ಹೆಚ್ಚುಕಮ್ಮಿ ಆದ್ರೆ ಯಾರು ಹೊಣೆ?”

ನಮ್ಮಪ್ಪ ಮುರುಗೇಶಪ್ಪನವರು ಅಲ್ಲೇ ಕಂಬಕ್ಕೆ ಒರಗಿ ಕೂತಿದ್ದರು. ಪಂಚಾಯ್ತಿಯಲ್ಲಿ ಗಂಟೆಗಟ್ಟಲೆ ನ್ಯಾಯ ಹೇಳುವವರು. ಅವತ್ತು ಎಲೆಯಡಿಕೆಗೆ ಸುಣ್ಣ ಹಚ್ಚುವುದೇ ಅವರಿಗೆ ಜಗತ್ತಿನಲ್ಲೆಲ್ಲ ದೊಡ್ಡ ಕೆಲಸವಾಗಿತ್ತು. ಪ್ಯಾರಮ್ಮ ಚೀಟಿ ಮಡಚಿ ಎದ್ದಳು, ಮಲಾರ ಹೆಗಲಿಗೆ ಏರಿಸಿದಳು. ನನಗೆ ಆಕೆಯೇ ಬೇಕಿತ್ತು, ಬೇರೆ ಬಳೆಗಾರನ ಕೈ ಬೇಡವಾಗಿತ್ತು. ಅವ್ವನ ಹತ್ತಿರ ಜಗಳ ಆಡಬಹುದಿತ್ತು. ಆಡಲಿಲ್ಲ. “ಒಂದು ದಿನ ತಾನೆ ಪ್ಯಾರಮ್ಮ, ಸಂಜಿಗೆ ತೆಗೆದ್ರಾಯ್ತು” ಎಂದೆ. ಆಕೆ ಮಲಾರ ಕೆಳಗಿಳಿಸಿ, “ಆಯ್ತವ್ವ” ಎಂದು ಮತ್ತೆ ಕೂತಳು.

ಕುಬಸದ ಬೆಳಿಗ್ಗೆ ಎಡಗೈಗೆ ನಾಲ್ಕು ಹಸಿರು ಬಳೆ ಹಾಕಿಕೊಂಡು ಬಂದಳು. ಮಲಾರದಲ್ಲಿದ್ದ ಎಲ್ಲಕ್ಕಿಂತ ದೊಡ್ಡ ಅಳತೆಯವು, ಆದರೂ ಮಾಂಸದೊಳಗೆ ಕಚ್ಚಿಕೊಂಡು ಕೂತಿದ್ದವು. ಉಸ್ಮಾನ್ ಸಾಬ್ ಬೈಯುತ್ತಲೇ ಸೋಪಿನ ನೀರು ಹಚ್ಚಿ ಏರಿಸಿದ್ದನಂತೆ. ನನ್ನೆದುರು ಕೂತು ನನ್ನ ಕೈ ಹಿಡಿದಳು. ಆ ಎಡಗೈಯಲ್ಲಿ ಮೊದಲಿನ ಬಲವಿಲ್ಲ. ನಾದಲು ಹೋದರೆ ನಡುಗುತ್ತಿತ್ತು. ಹಣೆಯಲ್ಲಿ ಬೆವರು ಇಳಿಯುತ್ತಿತ್ತು. ಒಂದು ಬಳೆಯನ್ನೂ ಒಡೆಯದೆ, ನನಗೆ ಚೂರೂ ನೋವಾಗದಂತೆ ಎರಡು ಕೈ ತುಂಬ ತೊಡಿಸಿದಳು. ಬೀಗರ ಕಡೆಯ ಹೆಂಗಸರು “ಬಳೆಗಾರ್ತಿ ಕೈ ಬಲು ಹಗುರ ಕಣ್ರಿ” ಎಂದು ಹೊಗಳಿದರು. ನಮ್ಮವ್ವ ಹಿಗ್ಗಿದಳು.

ಮಧ್ಯಾಹ್ನದ ಹೊತ್ತಿಗೆ ಆ ಕೈ ಇನ್ನಷ್ಟು ಊದಿತು. ಊಟದ ಗದ್ದಲದಲ್ಲಿ ಯಾರೂ ನೋಡಲಿಲ್ಲ. ನಾನು ಕೈತೊಳೆಯಲು ಹಿತ್ತಲಿಗೆ ಹೋದಾಗ ಪ್ಯಾರಮ್ಮ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಕುಕ್ಕರಗಾಲಲ್ಲಿ ಕೂತಿದ್ದಳು. ಬಳೆ ಹೊರಗೆ ಬರುತ್ತಿರಲಿಲ್ಲ. ಕೈ ಬಣ್ಣ ತಿರುಗುತ್ತಿತ್ತು. ಒಂದು ಕಲ್ಲು ತೆಗೆದುಕೊಂಡು ಒಂದೊಂದಾಗಿ ನಾಲ್ಕೂ ಒಡೆದಳು. ಗಂಡ ಬದುಕಿರುವ ಹೆಣ್ಣು, ಗಂಡ ಸತ್ತ ದಿನ ಒಡೆಯುವ ಹಾಗೆ, ನಮ್ಮ ಮನೆಯ ಹಿತ್ತಲಲ್ಲಿ ಬಳೆ ಒಡೆದುಕೊಂಡಳು. ಒಳಗೆ ಹೆಂಗಸರು ಆರತಿ ಹಾಡು ಹೇಳುತ್ತಿದ್ದರು. ಶುಭ ಅಂದರೆ ಇದೇ ಏನು? ಯಾರ ಶುಭ?

ಮೂರು ಗೀರು ಬಿದ್ದಿದ್ದವು, ಸಾಸಿವೆಯಷ್ಟು ರಕ್ತ. ಅವ್ವ ಚಿಟಿಕೆ ಅರಿಶಿನ ಹಾಕಿ, ಹೋಳಿಗೆ ಕಟ್ಟಿಕೊಟ್ಟು ರೈಲಿಗೆ ಕಳಿಸಿದಳು. ನಾಲ್ಕನೇ ದಿನ ಸಂತೆಗೆ ಹೋದವರು ಸುದ್ದಿ ತಂದರು. ಕೈ ಕೆಂಡದ ಹಾಗೆ ಕೆಂಪಾಗಿ, ಮೈ ಜ್ವರದಲ್ಲಿ ಬೆಂದು, ಬಾಯಿಗೆ ಬಂದದ್ದು ಮಾತಾಡುತ್ತಿದ್ದಾಳೆಂದು ಉಸ್ಮಾನ್ ಸಾಬ್ ದುರ್ಗದ ಜಿಲ್ಲಾಸ್ಪತ್ರೆಗೆ ಸೇರಿಸಿದ್ದ. ನಂಜು ರಕ್ತಕ್ಕೆ ಏರಿತ್ತು. ಇಪ್ಪತ್ಮೂರು ದಿನ ಅಲ್ಲಿದ್ದಳು. ಕೈ ತೆಗೆಯಬೇಕಾಗಬಹುದು ಎಂದೂ ಒಮ್ಮೆ ಹೇಳಿದ್ದರಂತೆ. ಕ್ಯಾನ್ಸರನ್ನು ಗೆದ್ದು ಬಂದವಳನ್ನು ನಾವು ನಾಲ್ಕು ಗಾಜಿನ ಬಳೆಯಿಂದ ಕೊಲ್ಲಲು ಹೊರಟಿದ್ದೆವು. ಹೇಗೋ ಬದುಕಿದಳು. ಎರಡು ಬೆರಳು ಮಾತ್ರ ಮತ್ತೆ ಮಡಚಲಿಲ್ಲ.

ನನಗೆ ಹೆಣ್ಣುಮಗು ಹುಟ್ಟಿತು. ಹೆರಿಗೆ ಸಲೀಸಾಗಿತ್ತು. ಅವ್ವ ಮಗುವಿಗೆ ಎಣ್ಣೆ ತೀಡುತ್ತಾ, “ನೋಡಿದ್ಯಾ, ಪ್ಯಾರಿ ಅವತ್ತು ಎಲ್ಡೂ ಕೈಗೆ ಬಳೆ ಹಾಕ್ಕಂಡು ಬಂದಿದ್ಕೆ ಎಲ್ಲಾ ಸುಸೂತ್ರ ಆತು” ಅಂದಳು. ನನ್ನ ನೆತ್ತಿಗೆ ಬೆಂಕಿ ಬಿದ್ದ ಹಾಗಾಯಿತು. ಬಾಣಂತಿ ಎನ್ನುವುದನ್ನೂ ಮರೆತು ಕಿರುಚಿದೆ. “ನಿನ್ನ ಶಾಸ್ತ್ರಕ್ಕೆ ಒಂದು ಹೆಣ ಬೀಳ್ತಿತ್ತು, ಗೊತ್ತೈತಾ? ಇಪ್ಪತ್ತು ವರ್ಷದ ಗೆಳತಿ ಕಣವ್ವ ನಿಂಗೆ!” ಅವ್ವ ಅಳಲಿಲ್ಲ. “ನಾನೇನು ಕೈ ಹಿಡ್ದು ಹಾಕಿದ್ನಾ?” ಎಂದಳು. ಆವತ್ತಿನಿಂದ ಐದು ತಿಂಗಳು ನಾನು ಆಕೆಯ ಜೊತೆ ಸರಿಯಾಗಿ ಮಾತಾಡಲಿಲ್ಲ. ಬಂದವರ ಹತ್ತಿರವೆಲ್ಲ ದೂರಿದೆ. ನಮ್ಮವ್ವನಂಥ ಕಲ್ಲೆದೆಯವಳು ಇಲ್ಲ ಎಂದು ಗಂಡನ ಮನೆಯಲ್ಲೂ ಹೇಳಿಕೊಂಡು ತಿರುಗಿದೆ.

ಮಗುವಿಗೆ ಐದು ತಿಂಗಳು ತುಂಬಿದ ಮೇಲೆ, ಒಮ್ಮೆ ನೋಡಿ ತಪ್ಪಾಯಿತು ಎಂದು ಹೇಳಿ ಬರೋಣ ಎಂದು ಹೊಳಲ್ಕೆರೆಗೆ ಹೋದೆ. ಮಗುವನ್ನೂ ಎತ್ತಿಕೊಂಡು ಹೋಗಿದ್ದೆ, ಕಂಡರೆ ಕರಗುತ್ತಾಳೆ ಎಂಬ ಲೆಕ್ಕ. ಉಸ್ಮಾನ್ ಸಾಬ್ ಬೀಗಕ್ಕೆ ಅರ ಉಜ್ಜುತ್ತಿದ್ದ. ನಾನು ಬಂದದ್ದು ತಿಳಿದೂ ತಲೆ ಎತ್ತಲಿಲ್ಲ. “ಗೊಲ್ಲರಹಟ್ಟಿಗೆ ಹೋಗವಳೆ. ಈಗ ಅಲ್ಲಿಗೇ ಹೋಗಾದು, ನಿಮ್ಮೂರ ಕಡಿಗೆ ಹೋಗಲ್ಲ” ಎಂದ. ದಾರಿಯನ್ನು ಅರ ಹಿಡಿದ ಕೈಯಿಂದಲೇ ತೋರಿಸಿದ. ಎರಡು ಮೈಲಿ ನಡೆದೆ.

ಹಟ್ಟಿಯ ಬೇವಿನ ಮರದ ಕೆಳಗೆ ಕಂಬಳಿ ಹಾಸಿತ್ತು. ಪ್ಯಾರಮ್ಮ ಅದರ ಮೇಲೆ ಕೂತಿದ್ದಳು, ಎಡಗೈ ಬರಿದಾಗಿಯೇ ಇತ್ತು. ಸುತ್ತ ಹತ್ತು ಹನ್ನೆರಡು ಹೆಂಗಸರು. ಪಕ್ಕದಲ್ಲಿ ಜುಂಜಮ್ಮ ಎಂಬ ಮುದುಕಿ. ಕೆಲಸವನ್ನು ಇಬ್ಬರೂ ಹಂಚಿಕೊಂಡಿದ್ದರು. ಮುಂದೆ ಕೂತವಳ ಕೈಯನ್ನು ಜುಂಜಮ್ಮ ಹಿಡಿದು ಗೆಣ್ಣು ನಾದುತ್ತಿದ್ದಳು. ಎಲ್ಲಿ ಒತ್ತಬೇಕು, ಎಷ್ಟು ಒತ್ತಬೇಕು ಎಂದು ಪ್ಯಾರಮ್ಮ ಹೇಳಿಕೊಡುತ್ತಾ ಬಲಗೈಯಿಂದ ಬಳೆ ಜಾರಿಸುತ್ತಿದ್ದಳು. ಎರಡು ಕೈ ಮಾಡುತ್ತಿದ್ದ ಕೆಲಸ ಮೂರು ಕೈಗೆ ಹಂಚಿತ್ತು, ಅಷ್ಟೆ. ಜುಂಜಮ್ಮನ ಕೈಯಲ್ಲೂ ಮೊಣಕೈವರೆಗೆ ಬಳೆ, ಹಣೆಯಲ್ಲಿ ಕಾಸಿನಗಲ ಕುಂಕುಮ. ಗಂಡ ಸತ್ತು ಹತ್ತು ವರ್ಷವಾಗಿದೆಯೆಂದು ಮಾತಿನ ನಡುವೆ ತಿಳಿಯಿತು. ನಾನು ಆ ಕೈಗಳನ್ನೇ ನೋಡುತ್ತಿದ್ದುದನ್ನು ಮುದುಕಿ ಗಮನಿಸಿದಳು.

“ಏನವ್ವ ಹಂಗ್ ನೋಡ್ತೀಯ? ನಮ್ಮಲ್ಲಿ ಗಂಡ ಹೋದ್ರೆ ಬಳೆ ತೆಗೆಯಾದಿಲ್ಲ. ಬಳೆ ಅವ್ನು ಬರಾಕೆ ಮುಂಚೆನೂ ಇತ್ತು, ಹೋದ್ ಮ್ಯಾಲೂ ಐತೆ. ಈಕಿಗೆ ಕೈ ನೋವು, ಹಾಕ್ಕಳಲ್ಲ. ಅದ್ರಾಗೆ ಏನೈತೆ?”

ಹಟ್ಟಿಯವರೇನೂ ದೇವರಲ್ಲ. ಹೆತ್ತ ಹೆಣ್ಣನ್ನು ಹಸುಗೂಸಿನ ಸಮೇತ ಹಟ್ಟಿಯಾಚೆ ಗುಡಿಸಲಲ್ಲಿ ಇಡುವವರು, ಅದರ ಮೇಲೂ ನನಗೆ ಕೋಪವಿದೆ. ಆದರೂ ಒಂದು ಊದಿದ ಕೈಯನ್ನು ಊದಿದ ಕೈ ಎಂದು ನೋಡುವುದು ಅವರಿಗೆ ಕಷ್ಟವಾಗಲಿಲ್ಲ. ಇದ್ದ ಊರಲ್ಲೇ ಶಾಲೆ, ಪಂಚಾಯ್ತಿ, ರೈಲು ಸ್ಟೇಷನ್ನು ಇಟ್ಟುಕೊಂಡ ನಮಗೆ ಅದು ಆಗಿರಲಿಲ್ಲ.

ಪ್ಯಾರಮ್ಮ ನನ್ನನ್ನು ನೋಡಿದಳು, ಮಗುವನ್ನೂ ನೋಡಿದಳು. “ಚೆನ್ನಾಗೈತೆ” ಅಂದಳು. ಎತ್ತಿಕೊಳ್ಳಲಿಲ್ಲ.

ನಾನು ಕಂಬಳಿಯ ಅಂಚಿನಲ್ಲಿ ಕೂತೆ. “ತಪ್ಪಾಯ್ತು ಪ್ಯಾರಮ್ಮ. ನಮ್ಮವ್ವನ ಹಟದಿಂದ ನಿಂಗೆ ಇಂಥಾ ಕಷ್ಟ ಬಂತು. ನಾನು ಆಕಿ ಹತ್ರ ಮಾತೇ ಬಿಟ್ಟಿದೀನಿ...”

“ನಿಮ್ಮವ್ವನ ಮ್ಯಾಲೆ ಹಾಕ್ಬ್ಯಾಡ” ಎಂದಳು. ದನಿ ಏರಲಿಲ್ಲ. “ನಿಮ್ಮವ್ವ ಹಾಕ್ಕ ಅಂದಾಗ ನಾನು ಎದ್ದಿದ್ದೆ. ಮಲಾರ ಹೆಗಲಿಗೆ ಏರ್ಸಿದ್ದೆ. ಆಕಿ ಇನ್ನೂ ನೂರು ಸತಿ ಅಂದಿದ್ರೂ ಹಾಕ್ಕಂತಿರ್ಲಿಲ್ಲ. ನೀನು ಕೇಳ್ದೆ, ಅದ್ಕೆ ಹಾಕ್ಕಂಡೆ. ಚೀಟಿ ನಿನ್ನ ಮುಂದೇನೇ ತೆಗ್ದಿದ್ದೆ, ಜೀವ ಹೋಗ್ತೈತೆ ಅಂತ ನಿನ್ನ ಮುಂದೇನೇ ಹೇಳಿದ್ದೆ. ಆದ್ರೂ ಕೇಳ್ದೆ.”

ಅವ್ವನಿಗೆ ಭಯವಾದರೂ ಇತ್ತು, ಮೂಢ ಭಯ. ನನಗೆ ಅದೂ ಇರಲಿಲ್ಲ. ಬರಿಗೈಯಿಂದ ಏನೂ ಆಗುವುದಿಲ್ಲ ಎಂದು ನನಗೆ ಗೊತ್ತಿತ್ತು. ಗೊತ್ತಿದ್ದೂ, ಒಂದು ಜಗಳ ತಪ್ಪಲಿ ಎಂದು, ಆಕೆಯ ಕೈಯನ್ನು ಒತ್ತೆ ಇಟ್ಟಿದ್ದೆ. ಎಲ್ಲರ ಮೇಲೆ ಉರಿಯುತ್ತಿದ್ದ ಕೋಪ ಇದನ್ನು ಮುಚ್ಚಿಡಲಿಕ್ಕೇ ಇತ್ತು ಎಂದು ಆ ಕಂಬಳಿಯ ಮೇಲೆ ಕೂತಾಗ ತಿಳಿಯಿತು.

ಮಗುವನ್ನು ಎಡ ತೊಡೆಗೆ ಬದಲಾಯಿಸಿ ಬಲಗೈ ಮುಂದೆ ಚಾಚಿದೆ. “ಎಲ್ಡು ಬಳೆ ಹಾಕು ಪ್ಯಾರಮ್ಮ.”

ಆಕೆ ಕೈ ನೋಡಿದಳು. “ಇದ್ರ ಅಳತಿ ನಂಗೆ ಕಣ್ಣು ಮುಚ್ಚಿದ್ರೂ ಗೊತ್ತು. ಹಾಕಾದಿಲ್ಲ” ಎಂದು ಮಲಾರದ ಕಡೆ ತಿರುಗಿದಳು.

ನಾನು ಕೈ ಹಿಂದಕ್ಕೆ ತೆಗೆಯಲಿಲ್ಲ. ಕರೆಯುತ್ತಾಳೆ, ಬೈದಾದರೂ ಹಿಡಿಯುತ್ತಾಳೆ ಎಂದು ಹಾಗೇ ಚಾಚಿಕೊಂಡು ಕೂತೆ. ಕೊನೆಗೆ ಜುಂಜಮ್ಮ ನನ್ನ ಮೊಣಕೈ ಮುಟ್ಟಿದಳು.

“ಕೈ ತಗಿಯವ್ವ. ಹಿಂದಿನೋರು ಕುಂತ್ಕಬೇಕು.”